ಸಂಶೋಧನೆ ಅಮೆರಿಕದಿಂದ ಚೀನಾಕ್ಕೆ ಸರಿದಿದೆಯಂತೆ. ನಾನು ದಾವಣಗೆರೆಯಲ್ಲಿ ಎಂ.ಟೆಕ್ ಓದುತ್ತಿದ್ದೇನೆ, ನಮ್ಮ ಕಾಲೇಜಿನ ಕೆಲಸ ಆ ಲೆಕ್ಕಕ್ಕೆ ಬರುತ್ತದಾ?

ಎಂ.ಟೆಕ್ ಓದುತ್ತಿದ್ದೀರಿ ಅಂದಿದ್ದೀರಿ, ಹಾಗಾಗಿ ಅಂಕಿ ಸಮೇತ ಹೇಳ್ತೀನಿ.

ಸರಿದಿರೋದು ನಿಜ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಲೆಕ್ಕದಲ್ಲಿ 2016ರಲ್ಲೇ ಚೀನಾ ಪ್ರಬಂಧಗಳ ಸಂಖ್ಯೆಯಲ್ಲಿ ಅಮೆರಿಕವನ್ನು ದಾಟಿತು. 2022ರಲ್ಲಿ ಚೀನಾದ ಪಾಲು ಸುಮಾರು ಶೇ 27, ಅಮೆರಿಕದ್ದು ಶೇ 14, ಭಾರತದ್ದು ಶೇ 6. ನಮಗೆ ಮೂರನೇ ಸ್ಥಾನ. 'ಬರೀ ರಾಶಿ, ಕಾಳಿಲ್ಲ' ಅನ್ನೋ ಸಮಾಧಾನವೂ ಈಗ ಉಳಿದಿಲ್ಲ. ಬೇರೆ ಸಂಶೋಧಕರು ಅತಿ ಹೆಚ್ಚು ಉಲ್ಲೇಖಿಸಿದ ಶೇ 1ರಷ್ಟು ಪ್ರಬಂಧಗಳಲ್ಲೂ ಚೀನಾ ಮುಂದಿದೆ ಎಂದು 2022ರಲ್ಲಿ ಜಪಾನಿನ ಸರ್ಕಾರಿ ಸಂಸ್ಥೆಯೇ ಹೇಳಿತು.

ಪೇಟೆಂಟಿನ ಅಂಕಿಯನ್ನು ಮಾತ್ರ ಸೋಸಿ ಕುಡಿಯಿರಿ. 2023ರಲ್ಲಿ ಚೀನೀಯರು ಹಾಕಿದ ಅರ್ಜಿ 16.4 ಲಕ್ಷ, ಅಮೆರಿಕನ್ನರದು 5.18 ಲಕ್ಷ, ಭಾರತೀಯರದು ಸುಮಾರು 64 ಸಾವಿರ. ಚೀನಾದ ಅರ್ಜಿಗಳಲ್ಲಿ ಬಹುಪಾಲು ಸ್ವದೇಶದಲ್ಲಷ್ಟೇ ಹಾಕಿದವು, ಅದಕ್ಕೆ ಸ್ಥಳೀಯ ಸರ್ಕಾರಗಳು ದುಡ್ಡನ್ನೂ ಕೊಡುತ್ತಿದ್ದವು. ಆ ಸಹಾಯಧನವನ್ನು 2025ರೊಳಗೆ ಪೂರ್ತಿ ನಿಲ್ಲಿಸಬೇಕೆಂದು 2021ರಲ್ಲಿ ಅವರೇ ಆದೇಶ ಮಾಡಿಕೊಂಡರು. ಪರದೇಶಗಳಲ್ಲಿ ಹಾಕಿದ ಅರ್ಜಿಯನ್ನಷ್ಟೇ ಎಣಿಸಿ, ಅಮೆರಿಕ ಇನ್ನೂ ಮುಂದಿದೆ. ಹೊರಗೆ ಹಾಕಲು ಖರ್ಚು ಜಾಸ್ತಿ. ಮಾರುಕಟ್ಟೆಯ ನಂಬಿಕೆ ಇಲ್ಲದವರು ಆ ಗೋಜಿಗೆ ಹೋಗೋದಿಲ್ಲ. ನನ್ನ ಮಟ್ಟಿಗೆ ಅದೇ ಹೆಚ್ಚು ನಂಬಬಹುದಾದ ಅಳತೆ.

ಈಗ ನಿಮ್ಮ ಊರಿನ ವಿಚಾರ. ಪ್ರಬಂಧಗಳ ಈ ದೇಶವಾರು ಅಂಕಿಗಳೆಲ್ಲ ಹುಟ್ಟೋದು ಲೇಖಕರ ಹೆಸರಿನ ಕೆಳಗಿರುವ ವಿಳಾಸದ ಸಾಲಿನಿಂದ. ಕೆಲಸ ನಡೆದ ನೆಲ, ಲೇಖಕರ ಹುಟ್ಟೂರು, ಯಾವುದೂ ಲೆಕ್ಕಕ್ಕಿಲ್ಲ. ಇಸ್ರೋದ ಮರುಬಳಕೆಯ ರೆಕ್ಕೆವಾಹನ ಪುಷ್ಪಕ್ 2023ರ ಏಪ್ರಿಲ್ 2ರಂದು, ಆಮೇಲೆ 2024ರಲ್ಲಿ ಎರಡು ಸಲ ಇಳಿದದ್ದು ಚಿತ್ರದುರ್ಗ ಜಿಲ್ಲೆಯ ರನ್‌ವೇ ಮೇಲೆ. ಸುಮಾರು 4.5 ಕಿ.ಮೀ. ಎತ್ತರದಲ್ಲಿ ಹೆಲಿಕಾಪ್ಟರ್ ಅದನ್ನು ಕೆಳಗೆ ಬಿಟ್ಟಿತು. ಗಂಟೆಗೆ 320 ಕಿ.ಮೀ.ಗೂ ಮೀರಿದ ವೇಗದಲ್ಲಿ ನೆಲ ಮುಟ್ಟಿ, ಪ್ಯಾರಾಚೂಟ್ ಬಿಚ್ಚಿ, ಬ್ರೇಕ್ ಹಾಕಿ ನಿಂತಿತು. ಆದರೆ ಅದನ್ನು ರೂಪಿಸಿದವರ ವಿಳಾಸ ತಿರುವನಂತಪುರ. ಪ್ರಬಂಧ ಎಣಿಸುವವರಿಗೆ ಚಳ್ಳಕೆರೆ ಕಡೆಯ ಬಯಲು ಕಾಣೋದೇ ಇಲ್ಲ.

ಎಣಿಸುವ ರೀತಿಯೂ ಎರಡು. ನಾಲ್ವರು ಬರೆದ ಪ್ರಬಂಧ, ಮೂವರು ಬೀಜಿಂಗ್, ಒಬ್ಬರು ದಾವಣಗೆರೆ ಅನ್ನಿ. ಇಡೀ ಎಣಿಕೆಯಲ್ಲಿ ಚೀನಾಕ್ಕೆ 1, ಭಾರತಕ್ಕೂ 1. ಪಾಲೆಣಿಕೆಯಲ್ಲಿ 0.75 ಮತ್ತು 0.25. ಮೇಲಿನ ಶೇ 27ರ ಲೆಕ್ಕ ಪಾಲೆಣಿಕೆಯದು. ಒಂದೇ ದೇಶಕ್ಕೆ ಎರಡು ಕಡೆ ಎರಡು ಅಂಕಿ ಕಂಡರೆ ಮೊದಲು ಇದನ್ನು ನೋಡಿ.

ವಿಳಾಸದಲ್ಲಿ ನಮ್ಮೂರಿಗೆ ಒಂದು ವಿಶೇಷ ತೊಂದರೆ ಇದೆ. ದಾವಣಗೆರೆ ಅಂತ ಇಂಗ್ಲಿಷಿನಲ್ಲಿ ಬರೆಯುವಾಗ 'ಣ'ದ ನಂತರ 'a' ಅಕ್ಷರವನ್ನು ಕೆಲವರು ಹಾಕ್ತಾರೆ (Davanagere), ಕೆಲವರು ಬಿಡ್ತಾರೆ (Davangere). ಕಾಲೇಜಿನ ಹೆಸರನ್ನು ಒಬ್ಬರು ಪೂರ್ತಿ ಬರೆದರೆ ಇನ್ನೊಬ್ಬರು ನಾಲ್ಕಕ್ಷರದಲ್ಲಿ ಮುಗಿಸ್ತಾರೆ. ದತ್ತಾಂಶ ಕೋಶದಲ್ಲಿ ಒಂದೇ ಸಂಸ್ಥೆ ಮೂರಾಗಿ ಒಡೆದು, ಪ್ರಬಂಧಗಳು ಹಂಚಿಹೋಗ್ತವೆ. ಲ್ಯಾಬಿನವರೆಲ್ಲ ಒಂದೇ ರೂಪ ಬಳಸಿ, ಹೆಸರಿಗೆ ಆರ್ಕಿಡ್ (ORCID, ಸಂಶೋಧಕರ ಗುರುತಿನ) ಸಂಖ್ಯೆ ಮಾಡಿಸಿಕೊಳ್ಳಿ, ಅದು ಪುಕ್ಕಟೆ.

ಪೇಟೆಂಟಿನ ಆಸೆ ಇದ್ದರೆ ಕ್ರಮ ತಪ್ಪಬಾರದು: ಮೊದಲು ಅರ್ಜಿ, ಆಮೇಲೆ ಪ್ರಬಂಧ. ಕಾಲೇಜುಗಳಲ್ಲಿ ಕೆಡೋದು ಇಲ್ಲೇ. ಮಂಡಕ್ಕಿ ಭಟ್ಟಿಗೆ ಸೌದೆ ಕಡಿಮೆ ತಿನ್ನುವ ಒಲೆ ಮಾಡಿದಿರಿ ಅನ್ನಿ. ಅದರ ನಕ್ಷೆಯನ್ನು ಜರ್ನಲ್‌ನಲ್ಲೋ ಯೂಟ್ಯೂಬಿನಲ್ಲೋ ಹಾಕಿದ ದಿನವೇ ಪೇಟೆಂಟಿಗೆ ಬೇಕಾದ ಹೊಸತನ ಹೋಯಿತು. ಬಹಿರಂಗವಾದ ಮೇಲೂ ಅರ್ಜಿ ಹಾಕಲು ಕಾನೂನಿನಲ್ಲಿ 12 ತಿಂಗಳ ರಿಯಾಯಿತಿ ಇದೆಯಲ್ಲ ಅಂತ ಕೂತವರಿದ್ದಾರೆ. ಅದು ಸರ್ಕಾರ ಅಧಿಸೂಚಿಸಿದ ಪ್ರದರ್ಶನ, ವಿದ್ವತ್ ಸಭೆಯಲ್ಲಿ ಓದಿದ ಪ್ರಬಂಧ, ಇಂಥ ಕೆಲವಕ್ಕಷ್ಟೇ.

ಒಲೆಗೆ ಪೇಟೆಂಟ್ ಕೇಳಬಹುದು, ಭತ್ತ ಬೆಳೆಯುವ ವಿಧಾನಕ್ಕೆ ಆಗೋದಿಲ್ಲ; ಕೃಷಿ ವಿಧಾನವನ್ನು ಕಾನೂನಿನ 3ನೇ ಸೆಕ್ಷನ್ನೇ ಹೊರಗಿಟ್ಟಿದೆ. ತಾತ್ಕಾಲಿಕ ವಿವರಣೆಯೊಂದಿಗೆ ಆನ್‌ಲೈನ್ ಅರ್ಜಿಗೆ ವ್ಯಕ್ತಿಗಾದರೂ ಕಾಲೇಜಿಗಾದರೂ 1,600 ರೂಪಾಯಿ; ನಮಗೆ ಚೆನ್ನೈ ಕಚೇರಿ. ತಾತ್ಕಾಲಿಕ ಅಂತ ಎರಡು ಸಾಲು ಗೀಚಬೇಡಿ, ಅದರಲ್ಲಿ ಇಲ್ಲದ್ದಕ್ಕೆ ಆ ದಿನಾಂಕದ ರಕ್ಷಣೆ ಸಿಗೋದಿಲ್ಲ. 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬೇಕು. ಅಷ್ಟಾದರೂ ಯಾರೂ ಪರೀಕ್ಷಿಸೋದಿಲ್ಲ. ಪರೀಕ್ಷೆ ಕೋರುವ ಫಾರಂ 18 ಹಾಕಿ 4,000 ಕಟ್ಟಿದರೆ ಮಾತ್ರ. ಆ ಫಾರಂ ಹಾಕಲು ಹಿಂದೆ 48 ತಿಂಗಳಿದ್ದ ಗಡುವು 2024ರ ತಿದ್ದುಪಡಿಯಿಂದ 31ಕ್ಕೆ ಇಳಿದಿದೆ, ಮೀರಿದರೆ ಅರ್ಜಿ ಹಿಂತೆಗೆದುಕೊಂಡಂತೆ. ಕಾಲೇಜಿನ ಗೋಡೆಗೆ ತೂಗುಹಾಕಿದ 'ಪೇಟೆಂಟ್ ಪ್ರಕಟಿತ' ಪ್ರಮಾಣಪತ್ರ ನೋಡಿ ಮರುಳಾಗಬೇಡಿ. ಪ್ರಕಟಣೆ 18 ತಿಂಗಳಾದ ಮೇಲೆ ತಾನಾಗಿಯೇ ಆಗುತ್ತದೆ, ಮಂಜೂರಾತಿ ಬೇರೆಯೇ.