ಮದ್ದು ನಾಟದಿರುವುದು ಯಾಕೆ? ವೈರಸ್ಸಿನ ಕಿಣ್ವಗಳ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನನ್ನ ತಮ್ಮ ಎಂಟು ವರ್ಷದಿಂದ ಎಚ್‌ಐವಿಗೆ ಎಆರ್‌ಟಿ ಕೇಂದ್ರದ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಮೊದಲು ಎಫಾವಿರೆಂಜ್ ಇದ್ದ ಮಾತ್ರೆ, ಈಗ ಡೊಲುಟೆಗ್ರಾವಿರ್ ಇರುವುದು. ಈ ಸಲ ಅಡಿಕೆ ಕೊಯ್ಲಿಗೆಂದು ಬೇರೆ ಊರಿನ ತೋಟಗಳಲ್ಲಿ ಉಳಿದಿದ್ದರಿಂದ ತಿಂಗಳಿಗೆ ಎಂಟು ಹತ್ತು ದಿನ ಮಾತ್ರೆ ತಪ್ಪಿದೆ. ವೈರಲ್ ಲೋಡ್ (ಒಂದು ಮಿಲಿಲೀಟರ್ ರಕ್ತದಲ್ಲಿನ ವೈರಸ್ಸಿನ ಎಣಿಕೆ) 1,800 ಬಂದಿದೆ. ‘ಮದ್ದು ಮೈಗೆ ಒಗ್ಗಿಹೋಗಿದೆ, ಎರಡು ತಿಂಗಳು ಬಿಟ್ಟು ಶುರು ಮಾಡಿದರೆ ಮತ್ತೆ ನಾಟುತ್ತದೆ’ ಅನ್ನುತ್ತಾನೆ. ಹೌದೇ?
– ಓದುಗರೊಬ್ಬರು, ಸಾಗರ ತಾಲೂಕು

ಉತ್ತರ: ಖಂಡಿತ ಬಿಡಬಾರದು. ಮೈ ಈ ಮದ್ದಿಗೆ ಒಗ್ಗುವುದಿಲ್ಲ. ನಿದ್ರೆ ಮಾತ್ರೆಗೆ ಒಗ್ಗುವ ಬಗೆಯೇ ಬೇರೆ. ಇಲ್ಲಿ ಬದಲಾಗುವುದು ವೈರಸ್ಸು, ಅದರಲ್ಲೂ ಅದರ ಕಿಣ್ವ, ಅಂದರೆ ಅದರ ಕೆಲಸ ನಡೆಸುವ ಪ್ರೋಟೀನು.

ಎಚ್‌ಐವಿಯ ವಂಶವಾಹಿ ಸುಮಾರು 9,700 ಅಕ್ಷರಗಳ ಆರ್‌ಎನ್‌ಎ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಕಿಣ್ವ ಅದನ್ನು ಡಿಎನ್‌ಎ ಆಗಿ ನಕಲು ಮಾಡುತ್ತದೆ. ಇಂಟಿಗ್ರೇಸ್ ಎಂಬ ಇನ್ನೊಂದು ಕಿಣ್ವ ಆ ನಕಲನ್ನು ನಮ್ಮ ಜೀವಕೋಶದ ಡಿಎನ್‌ಎಯೊಳಗೆ ಹೊಲಿದುಬಿಡುತ್ತದೆ. ಮೊದಲನೆಯ ಕಿಣ್ವ ಬರೆದದ್ದನ್ನು ತಿದ್ದಿ ನೋಡುವುದಿಲ್ಲ, ಹತ್ತಾರು ಸಾವಿರ ಅಕ್ಷರಕ್ಕೊಂದು ತಪ್ಪು ಮಾಡುತ್ತದೆ. ಚಿಕಿತ್ಸೆ ಇಲ್ಲದವರ ಮೈಯಲ್ಲಿ ದಿನಕ್ಕೆ ಸಾವಿರ ಕೋಟಿಯಷ್ಟು ಹೊಸ ಕಣಗಳು ಹುಟ್ಟುತ್ತವೆ. ಹಾಗಾಗಿ ಒಂದಕ್ಷರದ ಯಾವ ತಪ್ಪನ್ನು ಹೇಳಿದರೂ ಅದು ದಿನವೂ ಎಲ್ಲೋ ಒಂದು ಕಡೆ ಆಗಿರುತ್ತದೆ. ಮದ್ದು ಆ ತಪ್ಪುಗಳನ್ನು ಹುಟ್ಟಿಸುವುದಿಲ್ಲ. ಅರೆಬರೆ ಪ್ರಮಾಣದಲ್ಲಿದ್ದಾಗ ಮಾತ್ರ, ಹುಟ್ಟಿದ್ದರಲ್ಲಿ ತನಗೆ ಬಗ್ಗದ ಕಣಗಳನ್ನು ಉಳಿಸಿ ಬೆಳೆಸುತ್ತದೆ.

ತಮ್ಮನ ಮಾತ್ರೆಯಲ್ಲಿ ಸೇರಿರುವ, ಮೊದಲನೆಯ ಕಿಣ್ವವನ್ನು ತಡೆಯುವ ಲ್ಯಾಮಿವುಡಿನ್ ಎಂಬ ಮದ್ದಿನ ಉದಾಹರಣೆಯನ್ನು ಹತ್ತಿರದಿಂದ ನೋಡಿ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸಿನ 184ನೇ ಜಾಗದಲ್ಲಿ ಮೆಥಿಯೊನಿನ್ ಎಂಬ ಅಮೈನೊ ಆಮ್ಲವಿದೆ. ಅದರ ಸಂಕೇತ ‘ಎಟಿಜಿ’. ಮೊದಲ ಅಕ್ಷರ ತಪ್ಪಿ ‘ಜಿಟಿಜಿ’ ಆದರೆ ಅಲ್ಲಿ ವ್ಯಾಲಿನ್ ಬಂದು ಕೂರುತ್ತದೆ. ಮೆಥಿಯೊನಿನ್ ಬೆತ್ತದ ಹಾಗೆ ಉದ್ದ, ಬಾಗುತ್ತದೆ. ವ್ಯಾಲಿನ್ ಬುಡದಲ್ಲೇ ಕವಲೊಡೆದ ಗಿಡ್ಡ ಕೊಂಬೆ, ಬಾಗುವುದಿಲ್ಲ. ಲ್ಯಾಮಿವುಡಿನ್ನಿನ ಉಂಗುರ ಸಹಜ ಸಕ್ಕರೆಯ ಕನ್ನಡಿ ಬಿಂಬದಂತಿರುವುದರಿಂದ ಆ ಕವಲಿಗೆ ತಗಲಿ ಒಳಗೆ ಕೂರಲಾರದು. ವೈರಸ್ಸಿಗೆ ಬೇಕಾದ ಸಹಜ ಅಕ್ಷರ ಮಾತ್ರ ಪಕ್ಕದಲ್ಲಿ ನುಸುಳಿ ಹೋಗುತ್ತದೆ. ಒಂದೇ ಅಕ್ಷರಕ್ಕೆ ಇಷ್ಟು ಪರಿಣಾಮ. ಆದರೆ ವೈರಸ್ಸೂ ಇದಕ್ಕೆ ಬೆಲೆ ತೆರುತ್ತದೆ: ಹೀಗೆ ಬದಲಾದ ಕಿಣ್ವದ ಕೆಲಸ ನಿಧಾನ, ಮೇಲಾಗಿ ಅದೇ ಮಾತ್ರೆಯಲ್ಲಿರುವ ಇನ್ನೊಂದು ಮದ್ದು ಟೆನೊಫೊವಿರ್‌ಗೆ ಅದು ಇನ್ನಷ್ಟು ಸುಲಭವಾಗಿ ಸಿಕ್ಕಿಬೀಳುತ್ತದೆ.

ಒಂದೇ ಮಾತ್ರೆಯಲ್ಲಿ ಟೆನೊಫೊವಿರ್ 300 ಮಿಲಿಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಸೇರಿಸಿರುವುದು ಇದಕ್ಕೇ. ಒಂದೇ ಕಣದಲ್ಲಿ ಮೂರಕ್ಕೂ ಬೇಕಾದ ತಪ್ಪುಗಳು ಒಟ್ಟಿಗೆ ಆಗುವುದು ಹೆಚ್ಚುಕಡಿಮೆ ಅಸಾಧ್ಯ. ಮಾತ್ರೆ ಬಿಟ್ಟುಬಿಟ್ಟು ತೆಗೆದುಕೊಂಡರೆ ಈ ಕಟ್ಟು ಸಡಿಲವಾಗುತ್ತದೆ, ಏಕೆಂದರೆ ಮೂರೂ ಮೈಯಿಂದ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಎಫಾವಿರೆಂಜ್ ಕಾಲದಲ್ಲಿ ಇದು ದೊಡ್ಡ ತೊಂದರೆಯಾಗಿತ್ತು: ಮಾತ್ರೆ ನಿಲ್ಲಿಸಿದ ಮೇಲೂ ಅದೊಂದೇ ಬಹಳ ದಿನ ರಕ್ತದಲ್ಲಿ ಉಳಿದು, ಅದೇ ಮೊದಲನೆಯ ಕಿಣ್ವದ 103ನೇ ಜಾಗ ಬದಲಾದ ವೈರಸ್ಸನ್ನು ಬೆಳೆಸುತ್ತಿತ್ತು.

ಡೊಲುಟೆಗ್ರಾವಿರ್ ಅಷ್ಟು ಬೇಗ ಸೋಲುವುದಿಲ್ಲ. ಅದು ಹಿಡಿಯುವುದು ಇಂಟಿಗ್ರೇಸಿನ ನಡುವೆ ಇರುವ ಎರಡು ಮೆಗ್ನೀಸಿಯಂ ಅಯಾನುಗಳನ್ನು. ಅವನ್ನು ಕಳೆದುಕೊಂಡರೆ ಕಿಣ್ವಕ್ಕೆ ಕೆಲಸವೇ ಇಲ್ಲ, ಆದ್ದರಿಂದ ವೈರಸ್ಸಿಗೆ ಆ ಜಾಗ ಬದಲಾಯಿಸುವುದು ಕಷ್ಟ. ನಿಮ್ಮ ತಮ್ಮನ 1,800 ಬಹುಮಟ್ಟಿಗೆ ತಪ್ಪಿದ ಮಾತ್ರೆಗಳ ಲೆಕ್ಕವೇ ಇರಬಹುದು. ದಿನವೂ ತಪ್ಪದೆ ತೆಗೆದುಕೊಂಡು ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಬೇಕು. ಆಗಲೂ 1,000ಕ್ಕಿಂತ ಕೆಳಗೆ ಇಳಿಯದಿದ್ದರೆ ಎಆರ್‌ಟಿ ಕೇಂದ್ರದವರು ತಜ್ಞರ ಸಲಹೆಗೆ ಕಳಿಸುತ್ತಾರೆ.

ಮಾತ್ರೆ ಮರೆತರೆ ನೆನಪಾದ ಕೂಡಲೇ ನುಂಗಲಿ. ಮುಂದಿನ ಮಾತ್ರೆಗೆ ನಾಲ್ಕು ತಾಸಿಗಿಂತ ಕಡಿಮೆ ಉಳಿದಿದ್ದರೆ ತಪ್ಪಿದ್ದನ್ನು ಬಿಟ್ಟುಬಿಡಲಿ, ಎರಡು ಒಟ್ಟಿಗೆ ಬೇಡ. ಗ್ಯಾಸ್‌ಗೆ ಕುಡಿಯುವ ಬಿಳಿ ಸಿರಪ್ಪಿನಲ್ಲಿ ಮೆಗ್ನೀಸಿಯಂ, ಅಲ್ಯೂಮಿನಿಯಂ ಇರುತ್ತದೆ. ಕಿಣ್ವದ ಲೋಹವನ್ನು ಹಿಡಿಯಬೇಕಾದ ಮದ್ದು ಹೊಟ್ಟೆಯಲ್ಲೇ ಈ ಲೋಹಕ್ಕೆ ಅಂಟಿಕೊಂಡು ರಕ್ತಕ್ಕೆ ಸೇರದೆ ಹೋಗುತ್ತದೆ. ಸಿರಪ್ಪಿಗೆ ಎರಡು ತಾಸು ಮೊದಲು ಅಥವಾ ಆರು ತಾಸು ನಂತರ ಮಾತ್ರೆ ನುಂಗಬೇಕು. ಕಬ್ಬಿಣಾಂಶದ, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದೇ ಅಂತರ, ಊಟದ ಜೊತೆಗಾದರೆ ಅವನ್ನು ಒಟ್ಟಿಗೆ ತೆಗೆದುಕೊಳ್ಳಬಹುದು. ಕ್ಷಯಕ್ಕೆ ರಿಫಾಂಪಿಸಿನ್ ಶುರುವಾದರೆ ವೈದ್ಯರು ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಅನ್ನು ದಿನಕ್ಕೆ ಎರಡು ಹೊತ್ತು ಮಾಡುತ್ತಾರೆ. ಆ ವಿಷಯ ಎರಡೂ ಕಡೆಯವರಿಗೆ ಗೊತ್ತಿರಲಿ.

ಮುಂದಿನ ಕೊಯ್ಲಿಗೆ ಹೋಗುವಾಗ ಎಆರ್‌ಟಿ ಕೇಂದ್ರದಲ್ಲಿ ಮೊದಲೇ ಹೇಳಿ ಹೆಚ್ಚು ದಿನದ ಮಾತ್ರೆ ಕೇಳಿ. ಕೇಳಲು ಸಂಕೋಚ ಬೇಡ.

ಪ್ರಶ್ನೆ: ಹೆಪಟೈಟಿಸ್ ಬಿಗೆ ಅಪ್ಪನಿಗೆ ಮೊದಲು ಲ್ಯಾಮಿವುಡಿನ್ ಕೊಟ್ಟಿದ್ದರು, ನಂತರ ಟೆನೊಫೊವಿರ್‌ಗೆ ಬದಲಿಸಿದರು. ಎಚ್‌ಐವಿ ಮದ್ದು ಯಾಕೆ?
– ಭದ್ರಾವತಿಯ ಓದುಗರು

ಉತ್ತರ: ಎರಡೂ ವೈರಸ್ಸುಗಳ ನಕಲು ಕಿಣ್ವದ ನಡುಭಾಗ ಒಂದೇ ತರಹ: ಟೈರೊಸಿನ್, ಮೆಥಿಯೊನಿನ್, ಆಮೇಲೆ ಎರಡು ಆಸ್ಪಾರ್ಟೇಟ್. ಎಚ್‌ಐವಿಯಲ್ಲಿ 184ನೆಯದಾದ ಮೆಥಿಯೊನಿನ್ ಇಲ್ಲಿ 204ನೆಯದು. ಲ್ಯಾಮಿವುಡಿನ್ ಒಂದನ್ನೇ ವರ್ಷಗಟ್ಟಲೆ ಕೊಟ್ಟಾಗ ಬಹಳ ಜನರಲ್ಲಿ ಬದಲಾದದ್ದು ಅದೇ. ಟೆನೊಫೊವಿರ್ ಆ ಬದಲಾವಣೆಗೆ ಸೋಲುವುದಿಲ್ಲ. ಅಪ್ಪನವರು ಅದನ್ನು ತಾವಾಗಿ ನಿಲ್ಲಿಸದಿರಲಿ, ಯಕೃತ್ತಿನ ಉರಿಯೂತ ಒಮ್ಮೆಲೇ ಉಲ್ಬಣಿಸಬಹುದು.

ಪ್ರಶ್ನೆ: ನಾನು ಜೈವಿಕ ತಂತ್ರಜ್ಞಾನದ ವಿದ್ಯಾರ್ಥಿನಿ. ಮದ್ದಿಗೆ ಬಗ್ಗದ ವೈರಸ್ಸನ್ನು ಲ್ಯಾಬಿನಲ್ಲಿ ಪತ್ತೆ ಮಾಡುವುದು ಹೇಗೆ?
– ಶಿವಮೊಗ್ಗ

ಉತ್ತರ: ಎರಡು ದಾರಿ. ಒಂದು, ವಂಶವಾಹಿ ಓದುವುದು. ಇಡಿಟಿಎ ಟ್ಯೂಬಿನಲ್ಲಿ ರಕ್ತ ತೆಗೆದು, ಕೆಲವೇ ತಾಸಿನಲ್ಲಿ ಪ್ಲಾಸ್ಮಾ ಬೇರ್ಪಡಿಸಿ, ಮೈನಸ್ 70 ಡಿಗ್ರಿಯಲ್ಲಿ ಇಡಬೇಕು. ಹೆಪಾರಿನ್ ಟ್ಯೂಬ್ ಬಳಸಿದರೆ ಪಿಸಿಆರ್ ಕೈಕೊಡುತ್ತದೆ. ಆರ್‌ಎನ್‌ಎ ತೆಗೆದು, ಡಿಎನ್‌ಎ ಮಾಡಿ, ಕಿಣ್ವದ ಭಾಗವನ್ನು ಹೆಚ್ಚಿಸಿ, ಸ್ಯಾಂಗರ್ ವಿಧಾನದಲ್ಲಿ ಓದುತ್ತಾರೆ. ಒಂದೇ ಜಾಗದಲ್ಲಿ ಎರಡು ಬಣ್ಣದ ಶಿಖರ ಕಂಡರೆ ಎರಡು ಬಗೆಯ ವೈರಸ್ ಬೆರೆತಿದೆ ಎಂದರ್ಥ. ಶೇ. 15–20ಕ್ಕಿಂತ ಕಡಿಮೆ ಇರುವುದು ಈ ವಿಧಾನದಲ್ಲಿ ಕಾಣುವುದಿಲ್ಲ. ವೈರಲ್ ಲೋಡ್ 1,000ಕ್ಕಿಂತ ಕೆಳಗಿದ್ದರೆ ಪಿಸಿಆರ್ ಹಲವು ಸಲ ಫಲ ಕೊಡುವುದೇ ಇಲ್ಲ.

ಹೆಚ್ಚಾಗಿ ಆಗುವ ತಪ್ಪು ಎರಡು. ಡೊಲುಟೆಗ್ರಾವಿರ್ ತೆಗೆದುಕೊಳ್ಳುವವರ ರಕ್ತಕ್ಕೆ ಪ್ರೋಟಿಯೇಸ್ (ವೈರಸ್ಸಿನ ಪ್ರೋಟೀನು ಕತ್ತರಿಸುವ ಕಿಣ್ವ) ಮತ್ತು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಭಾಗ ಮಾತ್ರ ಓದಿಸಿ ಇಂಟಿಗ್ರೇಸನ್ನು ಬಿಟ್ಟುಬಿಡುವುದು ಮೊದಲನೆಯದು. ಇನ್ನೊಂದು, ಮದ್ದು ನಿಲ್ಲಿಸಿದ ಮೇಲೆ ರಕ್ತ ತೆಗೆಯುವುದು. ಮದ್ದಿಲ್ಲದಾಗ ಮೂಲ ವೈರಸ್ಸೇ ವೇಗವಾಗಿ ಬೆಳೆದು ಬದಲಾದದ್ದನ್ನು ಮುಚ್ಚುತ್ತದೆ. ವರದಿ ಸ್ವಚ್ಛ ಬರುತ್ತದೆ, ಆದರೆ ಬದಲಾದ ವೈರಸ್ಸಿನ ನಕಲು ಜೀವಕೋಶಗಳಲ್ಲಿ ಹೊಲಿದುಕೊಂಡು ಕೂತೇ ಇರುತ್ತದೆ. ಮೇಲಿನ ಪ್ರಶ್ನೆಯ ‘ಬಿಟ್ಟು ಶುರು ಮಾಡಿದರೆ ನಾಟುತ್ತದೆ’ ಎಂಬ ನಂಬಿಕೆ ಮೋಸ ಹೋಗುವುದೂ ಇಲ್ಲೇ.

ಎರಡನೆಯ ದಾರಿ, ಕಿಣ್ವವನ್ನೇ ಬ್ಯಾಕ್ಟೀರಿಯಾದಲ್ಲಿ ತಯಾರಿಸಿ ಮದ್ದಿನ ಎದುರು ಅಳೆಯುವುದು. ಮೂಲ ಕಿಣ್ವದ ಕೆಲಸವನ್ನು ಅರ್ಧಕ್ಕಿಳಿಸಲು 0.1 ಮೈಕ್ರೊಮೋಲಾರ್ ಸಾಕಾಗಿ, ಬದಲಾದ ಕಿಣ್ವಕ್ಕೆ 10 ಬೇಕಾದರೆ, ಪ್ರತಿರೋಧ ನೂರು ಪಟ್ಟು. ಮದ್ದು ಕರಗಿಸುವ ಡಿಎಂಎಸ್‌ಒ ಎಲ್ಲ ಟ್ಯೂಬುಗಳಲ್ಲೂ ಒಂದೇ ಪ್ರಮಾಣದಲ್ಲಿರಲಿ, ಶೇ. 1 ದಾಟದಿರಲಿ. ಕೆಲವು ಸಂಯುಕ್ತಗಳು ನೀರಿನಲ್ಲಿ ಉಂಡೆಗಟ್ಟಿ ಯಾವ ಕಿಣ್ವವನ್ನಾದರೂ ತಡೆದಂತೆ ತೋರಿಸುತ್ತವೆ. ಶೇ. 0.01 ಟ್ರೈಟಾನ್ ಎಕ್ಸ್-100 (ಸಾಬೂನಿನಂಥ ಮಾರ್ಜಕ) ಹಾಕಿ ಮತ್ತೆ ಅಳೆಯಿರಿ. ತಡೆ ಮಾಯವಾದರೆ ಅದು ಮದ್ದಲ್ಲ.

ಪ್ರಶ್ನೆ: ಇಷ್ಟೆಲ್ಲ ಮದ್ದು ಇರುವಾಗ ಮಂಗನ ಕಾಯಿಲೆಗೆ ಯಾಕಿಲ್ಲ? ಬಂದರೆ ಅದಕ್ಕೂ ವೈರಸ್ ಬಗ್ಗದೆ ಹೋದೀತೆ?
– ತೀರ್ಥಹಳ್ಳಿಯ ಓದುಗರು

ಉತ್ತರ: ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಈ ವೈರಸ್ಸೂ ಆರ್‌ಎನ್‌ಎಯದೇ, ಆದರೆ ಡಿಎನ್‌ಎ ಹಂತವಿಲ್ಲ. ಎನ್‌ಎಸ್5 ಎಂಬ ಕಿಣ್ವ ಆರ್‌ಎನ್‌ಎಯಿಂದ ನೇರ ಆರ್‌ಎನ್‌ಎ ನಕಲು ಮಾಡುತ್ತದೆ. ಹಾಗಾಗಿ ಟೆನೊಫೊವಿರ್ ಇಲ್ಲಿ ಉಪಯೋಗಕ್ಕಿಲ್ಲ. ಇದಕ್ಕೂ ಪ್ರೋಟಿಯೇಸ್ ಇದೆ. ಸುಮಾರು 3,400 ಅಮೈನೊ ಆಮ್ಲಗಳ ಒಂದೇ ಉದ್ದದ ಪ್ರೋಟೀನನ್ನು ಕತ್ತರಿಸುವ ಕೆಲಸದಲ್ಲಿ ಅದರ ಪಾಲು ದೊಡ್ಡದು. ಆದರೆ ಎಚ್‌ಐವಿಯದು ಆಸ್ಪಾರ್ಟೇಟ್‌ನಿಂದ ಕತ್ತರಿಸಿದರೆ ಇದು ಸೆರಿನ್‌ನಿಂದ ಕತ್ತರಿಸುತ್ತದೆ. ಹೆಸರು ಒಂದೇ, ಮದ್ದು ಬೇರೆಯೇ ಬೇಕು. ಈ ಕುಟುಂಬದ ವೈರಸ್ಸುಗಳ ಪ್ರೋಟಿಯೇಸಿನ ಗುಳಿ ಆಳವಿಲ್ಲದ್ದು; ಚಪ್ಪಟೆ ತಟ್ಟೆಯ ಮೇಲೆ ಗೋಲಿ ನಿಲ್ಲಿಸಿದ ಹಾಗೆ, ಸಣ್ಣ ಅಣುವಿಗೆ ಹಿಡಿತ ಸಿಗುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಎನ್‌ಎಸ್5ರ ಲೋಹ ಹಿಡಿದಿರುವ ಜೋಡಿ ಆಸ್ಪಾರ್ಟೇಟ್‌ಗಳ ಸುತ್ತ ಹುಡುಕುವುದೇ ಒಳ್ಳೆಯದು. ಅದು ಬದಲಾದರೆ ವೈರಸ್ಸೇ ಉಳಿಯದು.

ನಿಮ್ಮ ಎರಡನೆಯ ಪ್ರಶ್ನೆಗೆ ಸಮಾಧಾನದ ಉತ್ತರವಿದೆ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ವೈರಸ್ಸು ಸುತ್ತುವುದು ಉಣುಗು ಮತ್ತು ಕಾಡುಪ್ರಾಣಿಗಳ ನಡುವೆ. ರೋಗಿಯೊಬ್ಬರ ಮೈಯಲ್ಲಿ ಮದ್ದಿಗೆ ಬಗ್ಗದ ವೈರಸ್ ಹುಟ್ಟಿದರೂ ಅದು ಅಲ್ಲಿಗೇ ನಿಲ್ಲುತ್ತದೆ.

ಇವತ್ತಿಗೆ ಒಪ್ಪಿಗೆ ಪಡೆದ ವೈರಸ್ ನಿರೋಧಕ ಮದ್ದಿಲ್ಲ. ಡಿಸೆಂಬರಿನಿಂದ ಮೇವರೆಗೆ ಕಾಡಿಗೆ ದರಗು, ಸೌದೆಗೆ ಹೋಗಿ ಬಂದವರಿಗೆ ಜ್ವರ ಬಂದರೆ ಮೊದಲ ಎರಡು ಮೂರು ದಿನದಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಕೊಡಿ. ಮೊದಲ ವಾರದಲ್ಲಿ ಆರ್‌ಟಿ-ಪಿಸಿಆರ್, ಆಮೇಲೆ ಐಜಿಎಂ ಎಲೈಸಾ (ಪ್ರತಿಕಾಯದ ಪರೀಕ್ಷೆ). ಮೈಕೈ ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಇರಲಿ, ಮೂಗು ಅಥವಾ ವಸಡಿನಲ್ಲಿ ರಕ್ತ ಕಂಡರೆ ಅದೇ ದಿನ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.