ಎರಡಂಕಿಯ ವರ್ಗ, ವರ್ಗಮೂಲಗಳನ್ನು ಬಾಯಿಲೆಕ್ಕದಲ್ಲೇ ಮಾಡಲು ಎಷ್ಟು ಉಪಾಯಗಳನ್ನು ಕಲಿಯಬೇಕು?

ನೀವು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೀರಿ. ಮೊಬೈಲಿನಲ್ಲಿ ನೋಡಿ ಕಲಿತ ಹತ್ತಾರು ಉಪಾಯಗಳು ಸಮಯಕ್ಕೆ ಸರಿಯಾಗಿ ಒಂದರೊಳಗೊಂದು ಕಲಸಿಹೋಗುತ್ತವೆ, ಯಾವುದನ್ನು ಉಳಿಸಿಕೊಳ್ಳಲಿ ಎಂದು ಕೇಳಿದ್ದೀರಿ. ಶಕುಂತಲಾ ದೇವಿಯವರ ಹಾಗೆ ಲೆಕ್ಕ ಮಾಡಲು ಆದೀತೇ ಎಂದೂ ಕೇಳಿದ್ದೀರಿ.

ಎರಡನೆಯದನ್ನು ಸದ್ಯಕ್ಕೆ ಮರೆತುಬಿಡಿ. ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಆಕೆ 1977ರಲ್ಲಿ ಅಮೆರಿಕದಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದವರು. ನಿಮಗೆ ಬರುವ ಪ್ರಶ್ನೆ 68ರ ವರ್ಗ ಎಷ್ಟು, 5476ರ ವರ್ಗಮೂಲ ಎಷ್ಟು ಎಂಬ ಮಟ್ಟದ್ದು. ಅದಕ್ಕೆ ಒಂದೇ ಸೂತ್ರ ಸಾಕು. ಉಳಿದ ಉಪಾಯಗಳಲ್ಲಿ ಹೆಚ್ಚಿನವು ಅದರ ಮಕ್ಕಳು ಮರಿಗಳು.

68ಕ್ಕೆ 2 ಕೂಡಿಸಿದರೆ 70, 2 ಕಳೆದರೆ 66. ಎರಡನ್ನೂ ಗುಣಿಸಿದರೆ 4620. ಅದಕ್ಕೆ 2ರ ವರ್ಗವಾದ 4 ಸೇರಿಸಿ: 4624. ಹಾಗೆಯೇ 87ಕ್ಕೆ 90 ಮತ್ತು 84. ಗುಣಲಬ್ಧ 7560, 3ರ ವರ್ಗ 9, ಒಟ್ಟು 7569. ಒಂದು ಕಡೆ ಸೊನ್ನೆ ಬರುವಂತೆ ನೋಡಿಕೊಂಡರೆ ಗುಣಾಕಾರ ಒಂದಂಕಿಯ ಮಗ್ಗಿಗೆ ಇಳಿಯುತ್ತದೆ. 5ರಲ್ಲಿ ಕೊನೆಗೊಳ್ಳುವ ಸಂಖ್ಯೆಗಳದು ಎಂದು ಬೇರೆಯಾಗಿ ಕಲಿಸುವ ಉಪಾಯವೂ ಇದೇ. 85ಕ್ಕೆ 80 ಮತ್ತು 90 ಗುಣಿಸಿ 25 ಸೇರಿಸಿದರೆ 7225.

ಇದನ್ನು ಯಾರೋ ನಿನ್ನೆ ಮೊನ್ನೆ ಕಂಡುಹಿಡಿದ ರಹಸ್ಯವೆಂಬಂತೆ ಶುಲ್ಕ ಪಡೆದು ಹೇಳಿಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಂಬತ್ತನೇ ಶತಮಾನದ ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ ವರ್ಗ ಮಾಡುವ ವಿಧಾನಗಳ ನಡುವೆ ಇದನ್ನೂ ಹೇಳಿದ್ದಾರೆ. ಅವರು ಇದ್ದದ್ದು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ. ನಮ್ಮ ನೃಪತುಂಗ ರಸ್ತೆಗೆ ಹೆಸರು ಕೊಟ್ಟ ಅದೇ ದೊರೆ.

ಬಾಯಿಪಾಠ ಮಾಡಲೇಬೇಕಾದದ್ದು 25ರವರೆಗಿನ ವರ್ಗಗಳನ್ನು ಮಾತ್ರ. 25ಕ್ಕೇ ಏಕೆ ನಿಲ್ಲಬಹುದು ಎಂದರೆ, 25ರಿಂದ 75ರವರೆಗಿನ ಯಾವ ಸಂಖ್ಯೆಯೂ 50ರಿಂದ 25ಕ್ಕಿಂತ ದೂರವಿಲ್ಲ, ಅದರಾಚೆಯವು 100ಕ್ಕೆ ಅಷ್ಟೇ ಹತ್ತಿರ, ಅವಕ್ಕೆ ಮೇಲಿನ ಸೂತ್ರದಲ್ಲೇ ಒಂದು ಕಡೆ 100 ಬರುವಂತೆ ನೋಡಿಕೊಂಡರೆ ಆಯಿತು. 50ರಿಂದ ಎಷ್ಟು ಹೆಚ್ಚೋ ಅಷ್ಟನ್ನು 25ಕ್ಕೆ ಕೂಡಿಸಿ, ಎಷ್ಟು ಕಡಿಮೆಯೋ ಅಷ್ಟನ್ನು ಕಳೆಯಿರಿ. ಅದು ನೂರರ ಲೆಕ್ಕ. ಹಿಂದೆ ಆ ವ್ಯತ್ಯಾಸದ ವರ್ಗ. 47 ಆದರೆ 22 ನೂರು ಮತ್ತು 9, ಅಂದರೆ 2209. 63 ಆದರೆ 38 ನೂರು ಮತ್ತು 169, ಅಂದರೆ 3969. ಈ 169ರ 1 ನೂರರ ಸ್ಥಾನಕ್ಕೆ ದಾಟುತ್ತದೆ. ಅವಸರದಲ್ಲಿ ಎಡವುವ ಜಾಗ ಇದೊಂದೇ.

ಪೂರ್ಣ ವರ್ಗದ ಮೂಲಕ್ಕೆ ಹೆಚ್ಚು ಹೇಳಬೇಕಿಲ್ಲ. 5476 ಎಂಬುದು 70ರ ವರ್ಗ 4900 ಮತ್ತು 80ರ ವರ್ಗ 6400ರ ನಡುವೆ ಇದೆ. ಕೊನೆಯ ಅಂಕಿ 6 ಆದ್ದರಿಂದ ಮೂಲ 74 ಅಥವಾ 76. 75ರ ವರ್ಗ 5625, ನಮ್ಮ ಸಂಖ್ಯೆ ಅದಕ್ಕಿಂತ ಕಡಿಮೆ, ಹಾಗಾಗಿ 74. ಕೊನೆಯಲ್ಲಿ 2, 3, 7, 8 ಇದ್ದರೆ ಅದು ಪೂರ್ಣ ವರ್ಗವೇ ಅಲ್ಲ.

ಪೂರ್ಣ ವರ್ಗವಲ್ಲದ ಸಂಖ್ಯೆಯ ಮೂಲವೇ ನನಗೆ ಇಷ್ಟದ ಭಾಗ, ಏಕೆಂದರೆ ಅದು ನನ್ನ ಹೊಟ್ಟೆಪಾಡಿನದು. ನಾನು ಮನೆ ಕಟ್ಟಿಸುವ ಕೆಲಸದಲ್ಲಿರುವವನು. ಈ ಊರಿನಲ್ಲಿ 30-40ರ ನಿವೇಶನ ಸಿಕ್ಕರೆ ಮೇಸ್ತ್ರಿಗೆ ಸಂತೋಷ: ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ ಸರಿಯಾಗಿ 50 ಅಡಿ ಬರಬೇಕು, ಬಂದರೆ ಮೂಲೆ ಮಟ್ಟವಿದೆ ಎಂದರ್ಥ. 40-60ರ ನಿವೇಶನದಲ್ಲಿ ಈ ಸುಖವಿಲ್ಲ. ಎರಡು ಬದಿಗಳ ವರ್ಗಗಳಾದ 1600 ಮತ್ತು 3600 ಕೂಡಿದರೆ 5200. ಅದರ ಮೂಲ ಬೇಕು. 72ರ ವರ್ಗ 5184, ಉಳಿದದ್ದು 16. ಉಳಿದದ್ದನ್ನು 72ರ ಎರಡರಷ್ಟಾದ 144ರಿಂದ ಭಾಗಿಸಿದರೆ ಒಂಬತ್ತನೇ ಒಂದು ಅಡಿ, ಅಂದರೆ ಒಂದೂಕಾಲು ಇಂಚಿಗಿಂತ ತುಸು ಜಾಸ್ತಿ. 72 ಅಡಿ, ಒಂದೂಕಾಲು ಇಂಚು ಎಂದು ನಾನು ಕೂಗಿ ಹೇಳುತ್ತೇನೆ, ಆ ತುದಿಯಲ್ಲಿ ಗೂಟದ ಬಳಿ ಟೇಪು ಹಿಡಿದವನು ತಾಳೆ ನೋಡುತ್ತಾನೆ. ಟೇಪು 72 ಅಡಿ 5 ಇಂಚು ತೋರಿಸಿತೆಂದರೆ ಮೂಲೆ ಅಗಲವಾಗಿದೆ. ದಾರ ಬಿಚ್ಚಿ ಮತ್ತೆ ಕಟ್ಟಬೇಕು.

ಈ ವಿಧಾನದಲ್ಲಿ ಬರುವ ಉತ್ತರ ನಿಜವಾದ ಮೂಲಕ್ಕಿಂತ ಯಾವಾಗಲೂ ಕೂದಲೆಳೆಯಷ್ಟು ಹೆಚ್ಚೇ ಇರುತ್ತದೆ, ಎಂದೂ ಕಡಿಮೆಯಲ್ಲ. ಮೇಲಿನ ವರ್ಗ ಹತ್ತಿರವಿದ್ದರೆ ಅಲ್ಲಿಂದ ಇಳಿಯಿರಿ. 62ಕ್ಕೆ 8ರ ವರ್ಗವಾದ 64 ಹತ್ತಿರ. 2ನ್ನು 16ರಿಂದ ಭಾಗಿಸಿ 8ರಿಂದ ಕಳೆದರೆ 7.875. ನಿಜವಾದ ಮೂಲ 7.874. ಉತ್ತರದ ನಾಲ್ಕು ಆಯ್ಕೆಗಳು ಒಂದಕ್ಕೊಂದು ದೂರವಿದ್ದರೆ ಇಷ್ಟೂ ಬೇಡ, ಯಾವ ಎರಡು ವರ್ಗಗಳ ನಡುವೆ ಎಂದು ನೋಡಿ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗಿ.

ಅಭ್ಯಾಸಕ್ಕೆ ಪುಸ್ತಕ ಕೊಳ್ಳಬೇಡಿ. ಸಿಲ್ಕ್ ಬೋರ್ಡಿನಲ್ಲಿ ಬಸ್ಸು ನಿಂತಾಗ ಮುಂದಿನ ಗಾಡಿಯ ನಾಲ್ಕಂಕಿಯ ಮೂಲ ತೆಗೆಯಿರಿ. 4373 ಎಂದಿಟ್ಟುಕೊಳ್ಳಿ: 66ರ ವರ್ಗ 4356, ಉಳಿದದ್ದು 17, ಅದನ್ನು 132ರಿಂದ ಭಾಗಿಸಿದರೆ 0.13. ಉತ್ತರ 66.13. ಅಲ್ಲಿನ ಸಿಗ್ನಲ್ ಹಸಿರಾಗುವಷ್ಟರಲ್ಲಿ ಹಿಂದಿನ ನಾಲ್ಕು ಗಾಡಿಗಳದ್ದನ್ನೂ ಮುಗಿಸಬಹುದು.