ಸೋಮವಾರ ಮಾತ್ರ ಮನೆಗೆ ಫೋನ್ ಮಾಡುವ ಹುಡುಗ

ಪ್ರಶ್ನೆ: ನಾವು ಅಮೆರಿಕದ ಯೂಟಾ ರಾಜ್ಯದ ಲೀಹೈ ಊರಿನಲ್ಲಿದ್ದೇವೆ. ಪಕ್ಕದ ಮನೆಯವರು ಮಾರ್ಮನ್ ಎಂಬ ಕ್ರೈಸ್ತ ಪಂಥದವರು. ಚಳಿಗಾಲದಲ್ಲಿ ನಮ್ಮ ಬಾಗಿಲ ಮುಂದಿನ ಹಿಮವನ್ನೂ ಎತ್ತಿಹಾಕುತ್ತಿದ್ದ ಅವರ ಹತ್ತೊಂಬತ್ತರ ಮಗ ಈಗ ಎರಡು ವರ್ಷದ ಧರ್ಮಸೇವೆಗೆಂದು ಫಿಲಿಪ್ಪೀನ್ಸ್‌ನ ಸೆಬುವಿಗೆ ಹೋಗಿದ್ದಾನೆ. ಭಾನುವಾರ ಸಂಜೆಯಾದರೆ ಅವನ ತಾಯಿ ಫೋನ್ ಹಿಡಿದೇ ಕೂತಿರುತ್ತಾರೆ. ಉಳಿದ ದಿನ ಅವನ ಫೋನ್ ಬರುವುದಿಲ್ಲವಂತೆ. ವಾರವಿಡೀ ಅವನು ಮಾಡುವುದೇನು? ಸಂಬಳವಿದೆಯೇ? ಇದು ಸನ್ಯಾಸವೇ? ಅಂದ ಹಾಗೆ, ಅಂಥದೇ ಇಬ್ಬರು ಹುಡುಗರು ನಮ್ಮ ಮನೆಗೆ ಬಂದಾಗ ಫಿಲ್ಟರ್ ಕಾಫಿ ಕೊಟ್ಟೆ, ಮುಟ್ಟಲಿಲ್ಲ. ನನ್ನಿಂದ ತಪ್ಪಾಯಿತೇ?
— ಗೃಹಿಣಿ, ಲೀಹೈ

ಉತ್ತರ: ಕಾಫಿಯ ಮಾತು ಮೊದಲು ಮುಗಿಸೋಣ. ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ 1833ರಲ್ಲಿ ಕೊಟ್ಟ ಆಹಾರ ನಿಯಮದಲ್ಲಿ ‘ಬಿಸಿ ಪಾನೀಯ’ ಬೇಡ ಎಂದಿದೆ. ಅದನ್ನು ಕಾಫಿ, ಚಹಾ ಎಂದು ಅರ್ಥಮಾಡಿಕೊಂಡಿದ್ದಾರೆ. ಮದ್ಯ, ತಂಬಾಕು ಕೂಡ ನಿಷಿದ್ಧ. ಹಾಲು ಎಷ್ಟೇ ಬಿಸಿಯಿದ್ದರೂ ಅಡ್ಡಿಯಿಲ್ಲ. ಮುಂದಿನ ಸಲ ಬಾದಾಮಿ ಹಾಲು ಕೊಟ್ಟು ನೋಡಿ.

ಇನ್ನು ಆ ತಾಯಿಯ ಭಾನುವಾರ. ಚಳಿಗಾಲದಲ್ಲಿ ನಿಮ್ಮಲ್ಲಿ ಭಾನುವಾರ ಸಂಜೆ ಆರು ಗಂಟೆಯೆಂದರೆ ಸೆಬುವಿನಲ್ಲಿ ಸೋಮವಾರ ಬೆಳಿಗ್ಗೆ ಒಂಬತ್ತು. ಮಿಷನರಿಗಳಿಗೆ ಸಾಮಾನ್ಯವಾಗಿ ಸೋಮವಾರವೇ ‘ಪಿ-ಡೇ’, ಅಂದರೆ ತಯಾರಿಯ ದಿನ. ಹೆಸರಿಗೆ ಬಿಡುವು, ಆದರೆ ಬಟ್ಟೆ ಒಗೆಯುವುದು, ದಿನಸಿ ತರುವುದು, ಕ್ಷೌರ, ಕೋಣೆ ಗುಡಿಸುವುದು, ಮನೆಗೆ ಪತ್ರ, ಸಮಯ ಉಳಿದರೆ ಬ್ಯಾಸ್ಕೆಟ್‌ಬಾಲ್, ಎಲ್ಲವೂ ಅದರೊಳಗೇ ಮುಗಿಯಬೇಕು. ಹಗ್ಗದ ಮೇಲೆ ಸಾಲಾಗಿ ಒಣಗುವ ಬಿಳಿ ಅಂಗಿಗಳನ್ನು ಕಂಡರೆ ಅಂದು ಸೋಮವಾರ ಎಂದು ಕ್ಯಾಲೆಂಡರ್ ನೋಡದೆ ಹೇಳಬಹುದು. ಸಂಜೆಯಾಗುತ್ತಲೇ ಟೈ ಮತ್ತೆ ಕೊರಳಿಗೆ ಬರುತ್ತದೆ. ನಿಮ್ಮ ನೆರೆಯಾಕೆ ಒಂದು ಲೆಕ್ಕದಲ್ಲಿ ಅದೃಷ್ಟವಂತೆ. ವಾರಕ್ಕೊಮ್ಮೆ ಮನೆಯವರೊಡನೆ ಮಾತನಾಡಲು ಅನುಮತಿ ಸಿಕ್ಕಿದ್ದು 2019ರ ಫೆಬ್ರುವರಿಯಲ್ಲಿ. ಅದಕ್ಕೆ ಮುಂಚೆ ಫೋನ್ ಕರೆ ಇದ್ದದ್ದು ವರ್ಷಕ್ಕೆ ಎರಡು: ಕ್ರಿಸ್‌ಮಸ್‌ಗೊಂದು, ಅಮ್ಮಂದಿರ ದಿನಕ್ಕೊಂದು.

ಉಳಿದ ದಿನಗಳು ಬಹುಮಟ್ಟಿಗೆ ಒಂದೇ ಅಚ್ಚಿನವು. ಬೆಳಿಗ್ಗೆ ಆರೂವರೆಗೆ ಏಳುವುದು, ವ್ಯಾಯಾಮ, ಪ್ರಾರ್ಥನೆ, ಗ್ರಂಥಾಧ್ಯಯನ, ಸ್ಥಳೀಯ ಭಾಷೆಯ ಅಭ್ಯಾಸ. ಬಳಿಕ ರಾತ್ರಿಯವರೆಗೆ ಬೀದಿ, ಬಸ್ಸು, ಇತರರ ಜಗಲಿ. ಹತ್ತೂವರೆಗೆ ದೀಪ ಆರಬೇಕು. ವಾರದಲ್ಲಿ ಕೆಲವು ಗಂಟೆ ಧರ್ಮದ ಮಾತಿಲ್ಲದ ಸೇವೆಗೆ ಮೀಸಲು: ಯಾರದೋ ಅಂಗಳ ಸ್ವಚ್ಛ ಮಾಡುವುದು, ಉಚಿತ ಇಂಗ್ಲಿಷ್ ತರಗತಿ, ಬಿರುಗಾಳಿ ಬಂದುಹೋದ ಊರಿನಲ್ಲಿ ಕಸ ಹೊರುವುದು. ನಿಮ್ಮ ಹಿಮ ಎತ್ತಿದ ಕೈಗೆ ಇದೇನೂ ಹೊಸದಲ್ಲ.

ನನ್ನನ್ನು ಕೇಳಿದರೆ, ಮುಖಕ್ಕೆ ಮುಚ್ಚಿಕೊಳ್ಳುವ ಬಾಗಿಲುಗಳು ಈ ಬದುಕಿನ ಕಷ್ಟದ ಭಾಗವಲ್ಲ. ಕಷ್ಟ ಇರುವುದು ಜೊತೆಗಾರನಲ್ಲಿ. ಮಿಷನರಿ ಎಂದೂ ಒಂಟಿಯಾಗಿರುವಂತಿಲ್ಲ. ‘ಕಂಪ್ಯಾನಿಯನ್’ ಎಂದು ಕರೆಯುವ ಒಬ್ಬ ಸದಾ ಕಣ್ಣಳತೆಯಲ್ಲೇ ಇರಬೇಕು. ಸ್ನಾನದ ಮನೆಯೊಂದೇ ಏಕಾಂತ. ಆ ಜೊತೆಗಾರನನ್ನು ಆರಿಸುವವನು ಆ ಪ್ರದೇಶದ ಮಿಷನರಿಗಳ ಮೇಲ್ವಿಚಾರಕ, ಮಿಷನ್ ಅಧ್ಯಕ್ಷ. ಜೊತೆಗಾರ ಗೊರಕೆ ಹೊಡೆಯುವವನಿರಬಹುದು, ಮಾತೇ ಆಡದವನಿರಬಹುದು. ಸುಮಾರು ಆರು ವಾರಕ್ಕೊಮ್ಮೆ ‘ಟ್ರಾನ್ಸ್‌ಫರ್’ ಬರುತ್ತದೆ. ಜೊತೆ ಬದಲಾಗಬಹುದು, ಊರೂ ಬದಲಾಗಬಹುದು, ಎರಡೂ ಹಾಗೇ ಉಳಿಯಬಹುದು. ಎಷ್ಟೋ ದಂಪತಿಗಳಿಗೂ ಇಷ್ಟು ಕಠಿಣ ತರಬೇತಿ ಸಿಗುವುದಿಲ್ಲ. ತಾಳಲಾರದೆ, ಆರೋಗ್ಯ ಕೆಟ್ಟು, ಅರ್ಧಕ್ಕೇ ಮರಳುವವರೂ ಇದ್ದಾರೆ. ಅಂಥವರಿಗೆ ಊರಿನವರ ‘ಯಾಕೆ ಬೇಗ ಬಂದೆ?’ ಎಂಬ ಪ್ರಶ್ನೆಯೇ ದೊಡ್ಡ ಶಿಕ್ಷೆ.

ಸಂಬಳವಿಲ್ಲ. ಖರ್ಚು ಮನೆಯವರದು ಅಥವಾ ಅವನೇ ಕೂಡಿಟ್ಟದ್ದು. ಅಮೆರಿಕದವರಿಗೆ ಈ ಮಾಸಿಕ ವಂತಿಗೆ 2020ರ ಜುಲೈಯಲ್ಲಿ 400 ಡಾಲರ್‌ನಿಂದ 500ಕ್ಕೆ ಏರಿತು. ಎಲ್ಲಿಗೆ ಹೋಗಬೇಕೆಂಬ ಆಯ್ಕೆಯೂ ಅವನದಲ್ಲ. ಆ ಆದೇಶ ಪಂಥದ ಕೇಂದ್ರ ಕಚೇರಿಯಿರುವ ಸಾಲ್ಟ್ ಲೇಕ್ ಸಿಟಿಯಿಂದ ಬರುತ್ತದೆ. ಯುವಕರಿಗೆ ಎರಡು ವರ್ಷ, ಯುವತಿಯರಿಗೆ ಒಂದೂವರೆ.

ಸನ್ಯಾಸವಂತೂ ಅಲ್ಲ. ಹಿಂದಿರುಗಿ ಕಾಲೇಜು ಸೇರುತ್ತಾನೆ, ಮದುವೆಯಾಗುತ್ತಾನೆ. ಮದುವೆಗೆ ಅವಸರವೂ ಸ್ವಲ್ಪ ಹೆಚ್ಚೇ ಎಂದು ಅವರೇ ನಗುತ್ತಾರೆ. ನಮ್ಮಲ್ಲಿ ಅಯ್ಯಪ್ಪನ ಮಾಲೆ ಹಾಕಿದ ಕೂಡಲೇ ಹತ್ತನೇ ತರಗತಿಯ ಹುಡುಗನೂ ‘ಸ್ವಾಮಿ’ ಆಗಿಬಿಡುತ್ತಾನಲ್ಲ, ಇದೂ ಅಂಥದೇ ವ್ರತ. ನಲವತ್ತೊಂದು ದಿನದ ಬದಲು ಎರಡು ವರ್ಷ. ಹೆಸರಿನ ಕಪ್ಪು ಬಿಲ್ಲೆ ಎದೆಗೇರುತ್ತಲೇ ಹತ್ತೊಂಬತ್ತರ ಪೋರ ‘ಎಲ್ಡರ್’, ಅಂದರೆ ‘ಹಿರಿಯ’. ಆ ಎರಡು ವರ್ಷ ಅವನ ಮೊದಲ ಹೆಸರು ಕರೆಯುವವರಿರುವುದಿಲ್ಲ, ಸೋಮವಾರದ ಫೋನಿನಲ್ಲಿ ಅಮ್ಮನನ್ನು ಬಿಟ್ಟರೆ.

ಬೆಂಗಳೂರಿನಲ್ಲೂ ಇವರ ಮಿಷನ್ ಕಚೇರಿ 1993ರಿಂದ ಇದೆ. ನಮ್ಮ ದೇಶದ ಯುವಕ ಯುವತಿಯರೂ ಹೀಗೆ ಹೆಸರಿನ ಬಿಲ್ಲೆ ತೊಟ್ಟು ಹೊರಡುತ್ತಾರೆ.

ಮತ್ತೊಂದು ಮಾತು. ನೀವೂ ಅವನಿಗೆ ಇ-ಮೇಲ್ ಬರೆಯಬಹುದು. ತಾಯಿಯ ಬಳಿ ವಿಳಾಸ ಕೇಳಿ, ಆದರೆ ಭಾನುವಾರ ಸಂಜೆ ಕೇಳಬೇಡಿ.